ಲೆನ್ಸ್ ಫ್ಲೇರ್ ಯಾಕೆ ಬರತ್ತೆ, ಹೇಗೆ ಕಮ್ಮಿ ಮಾಡ್ಕೊಳ್ಳೋದು: ಮೊದಲಿಂದ ಕೊನೇ ತನಕ

ಬಿಸಿಲಲ್ಲಿ ದೂರದಿಂದ ಯಾರೋ ಬರ್ತಿದ್ರೆ ಯಾರು ಅಂತ ಗುರುತು ಹಿಡಿಯೋಕೆ ಹುಬ್ಬಿನ ಮೇಲೆ ಕೈ ಅಡ್ಡ ಇಟ್ಕೊಂಡು ನೋಡ್ತೀವಲ್ಲ, ಅದನ್ನ ಯಾರೂ ನಮಗೆ ಹೇಳಿಕೊಟ್ಟಿಲ್ಲ, ತಾನಾಗೇ ಕೈ ಮೇಲೆ ಹೋಗತ್ತೆ. ಕಣ್ಣಿಗೆ ನೇರ ಬೆಳಕು ಬಿದ್ರೆ ಎದುರಿಗಿರೋದು ಮಂಕಾಗತ್ತೆ, ನೆರಳು ಬಿದ್ರೆ ಸ್ಪಷ್ಟ ಆಗತ್ತೆ. ಲೆನ್ಸ್ ಫ್ಲೇರ್, ಅಂದ್ರೆ ಜೋರು ಬೆಳಕಿಂದ ಫೋಟೋದಲ್ಲಿ ಬರೋ ಮಬ್ಬು ಮತ್ತು ಬೇಡದ ಚುಕ್ಕೆಗಳು, ಅದರ ವಿಷಯದಲ್ಲಿ ತಿಳ್ಕೋಬೇಕಾಗಿರೋದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಷ್ಟೇ. ಆದ್ರೆ ಕ್ಯಾಮೆರಾ ಕೈಗೆ ಬಂದ ತಕ್ಷಣ ನಾವು ಇದನ್ನ ಮರೆತುಬಿಟ್ಟು ಯಾವ ಫಿಲ್ಟರ್ ತಗೋಬೇಕು, ಯಾವ ಲೆನ್ಸ್‌ಗೆ ಅಪ್‌ಗ್ರೇಡ್ ಆಗ್ಬೇಕು ಅಂತ ಹುಡುಕೋಕೆ ಶುರು ಮಾಡ್ತೀವಿ, ನಾನೂ ಅದನ್ನೇ ಮಾಡಿದ್ದು.

ನನ್ನ ಕಥೆ ಒಂದು ಹೇಳ್ಬಿಡ್ತೀನಿ. ಕ್ಯಾಮೆರಾ ತಗೊಂಡ ಮೊದಲ ವರ್ಷ ರಾತ್ರಿ ತೆಗೆದ ಫೋಟೋಗಳಲ್ಲೆಲ್ಲ ಬೀದಿ ದೀಪಗಳ ಜೊತೆಗೆ ಆಕಾಶದಲ್ಲಿ ಹಸಿರು ಹಸಿರಾಗಿ ಇನ್ನೊಂದು ಸೆಟ್ ದೀಪ, ಅದೂ ತಲೆಕೆಳಗಾಗಿ. ಸೆನ್ಸರ್ (ಕ್ಯಾಮೆರಾ ಒಳಗೆ ಚಿತ್ರ ಹಿಡಿಯೋ ಭಾಗ) ಹೋಗಿದೆ ಅಂತ ಗಾಬರಿಯಾಗಿ ರಿಪೇರಿಯವರ ಹತ್ರ ತಗೊಂಡು ಹೋದೆ, ಅವರು ಒಂದು ವಾರ ಇಟ್ಕೊಂಡು "ಏನೂ ಪ್ರಾಬ್ಲಮ್ ಇಲ್ಲ" ಅಂತ ವಾಪಸ್ ಕೊಟ್ರು. ಪ್ರಾಬ್ಲಮ್ ಇದ್ದಿದ್ದು ಲೆನ್ಸ್ ಮುಂದೆ ನಾನೇ ತಿರುಗಿಸಿ ಹಾಕಿದ್ದ ಯುವಿ ಫಿಲ್ಟರ್ ಅನ್ನೋ ಚಪ್ಪಟೆ ಗಾಜಿನಲ್ಲಿ. ಲೆನ್ಸ್ ಕಾಪಾಡ್ಲಿ ಅಂತ ಹಾಕಿದ್ದು, ಅದೇ ಎಡವಟ್ಟು ಮಾಡ್ತಿತ್ತು.

ಲೆನ್ಸ್ ಒಳಗೆ ಏನಾಗತ್ತೆ

ಇದನ್ನ ಸ್ವಲ್ಪ ತಾಳ್ಮೆಯಿಂದ ಓದಿ, ಮುಂದೆ ಹೇಳೋ ಹೆಜ್ಜೆಗಳೆಲ್ಲ ಇಲ್ಲಿಂದಾನೇ ಹುಟ್ಟೋದು.

ಬೆಳಕು ಗಾಳಿಯಿಂದ ಗಾಜಿಗೆ ಹೋಗುವಾಗ, ಗಾಜಿಂದ ಗಾಳಿಗೆ ಬರುವಾಗ, ಎರಡು ಸಲಾನೂ ಸುಮಾರು 4% ಪ್ರತಿಫಲಿಸಿ ವಾಪಸ್ ಹೋಗತ್ತೆ. ಇದು ಏನೂ ಕೋಟಿಂಗ್ (ಪ್ರತಿಫಲನ ಕಮ್ಮಿ ಮಾಡೋ ತೆಳು ಪದರ) ಇಲ್ಲದ ಸಾಧಾರಣ ಗಾಜಿನ ಲೆಕ್ಕ. ಕಿಟಕಿ ಗಾಜಲ್ಲಿ ನಮ್ಮ ಮುಖ ತೆಳುವಾಗಿ ಕಾಣೋದು ಇದರಿಂದಾನೇ. 4% ಅಂದ್ರೆ ಏನ್ ಮಹಾ ಅನ್ನಿಸತ್ತೆ, ಆದ್ರೆ ಈಗಿನ ಒಂದು ಜೂಮ್ ಲೆನ್ಸ್ ಒಳಗೆ ಗಾಳಿಗೆ ತಾಗಿರೋ ಗಾಜಿನ ಮುಖಗಳು 30 ಇದ್ದರೂ ಆಶ್ಚರ್ಯ ಇಲ್ಲ. ಒಂದೊಂದರಲ್ಲೂ 4% ಹೋಗ್ತಾ ಬಂದ್ರೆ ಕೊನೆಗೆ ಸೆನ್ಸರ್ ಮುಟ್ಟೋದು 30% ಕೂಡ ಇರಲ್ಲ. ಉಳಿದ 70% ಎಲ್ಲಿ ಹೋಯ್ತು? ಒಂದಷ್ಟು ಮುಂದಿನಿಂದಲೇ ಹೊರಗೆ ಹೋಗತ್ತೆ, ಒಂದಷ್ಟು ಒಳಗೇ ಚೆಂಡಿನ ಹಾಗೆ ಪುಟಿದು ಪುಟಿದು ಕೊನೆಗೆ ದಾರಿ ತಪ್ಪಿ ಸೆನ್ಸರ್ ಮೇಲೆ ಬಂದು ಬೀಳತ್ತೆ. ಈ ದಾರಿ ತಪ್ಪಿದ ಬೆಳಕೇ ಫ್ಲೇರ್.

ಮುಂದಕ್ಕೆ ಹೋಗ್ತಿದ್ದ ಬೆಳಕು ಒಂದು ಮುಖದಿಂದ ಹಿಂದಕ್ಕೆ ಪುಟಿದು, ಇನ್ನೊಂದು ಮುಖದಿಂದ ಮತ್ತೆ ಮುಂದಕ್ಕೆ ಪುಟಿದ್ರೆ ಒಂದು ಘೋಸ್ಟ್, ಅಂದ್ರೆ ಆ ದೀಪದ್ದೇ ಒಂದು ಸುಳ್ಳು ಬಿಂಬ, ಹುಟ್ಟತ್ತೆ. ಅಂದ್ರೆ ಮುಖಗಳ ಒಂದೊಂದು ಜೋಡಿಗೂ ಒಂದೊಂದು ಘೋಸ್ಟ್ ಸಾಧ್ಯ. 30 ಮುಖ ಇದ್ರೆ 435 ಜೋಡಿ! ಎಲ್ಲವೂ ಕಣ್ಣಿಗೆ ಕಾಣಲ್ಲ ಬಿಡಿ, ಹೆಚ್ಚಿನವು ಎಷ್ಟು ಹರಡಿರತ್ತೆ ಅಂದ್ರೆ ಗೊತ್ತೇ ಆಗಲ್ಲ, ಆದ್ರೆ ನಾಲ್ಕೈದು ಮಾತ್ರ ಫೋಕಸ್‌ಗೆ ಹತ್ರ ಬಂದು ಚುಕ್ಕೆ ಆಗಿ, ಬಳೆ ಆಗಿ, ಐದು ಮೂಲೆ ಏಳು ಮೂಲೆ ಆಕಾರವಾಗಿ ಕೂತ್ಕೊಳ್ಳತ್ತೆ. ಆ ಮೂಲೆಗಳು ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಹಾಯೋ ಕಿಂಡಿ) ಸಣ್ಣದು ದೊಡ್ಡದು ಮಾಡೋ ಬ್ಲೇಡ್‌ಗಳದ್ದು.

ಕೋಟಿಂಗ್ ಬಂದಿದ್ದು ಇದಕ್ಕೇ. 1896ರಲ್ಲಿ ಝೈಸ್ ಕಂಪನಿಯ ಪಾಲ್ ರುಡಾಲ್ಫ್ ಪ್ಲೇನಾರ್ ಅಂತ ಒಂದು ಲೆನ್ಸ್ ಡಿಸೈನ್ ಮಾಡಿದ್ದ, ಅವತ್ತಿನ ಲೆಕ್ಕಕ್ಕೆ ಅದ್ಭುತ. ಆದ್ರೆ ಅದರಲ್ಲಿ ಗಾಳಿಗೆ ತಾಗೋ ಮುಖಗಳು 8, ಹಾಗಾಗಿ ಫ್ಲೇರ್ ಜಾಸ್ತಿ, ಕಾಂಟ್ರಾಸ್ಟ್ (ಕಪ್ಪು ಬಿಳುಪಿನ ವ್ಯತ್ಯಾಸ) ಕಮ್ಮಿ. 1902ರಲ್ಲಿ ಬಂದ ಟೆಸ್ಸಾರ್‌ನಲ್ಲಿ 6 ಮುಖ ಮಾತ್ರ. ಎರಡು ಮುಖ ಕಮ್ಮಿ ಆದ್ರೆ ಏನಾಯ್ತು ಅಂತೀರಾ, ಜೋಡಿ ಲೆಕ್ಕ ಹಾಕಿ ನೋಡಿ, 28 ಇದ್ದಿದ್ದು 15ಕ್ಕೆ ಇಳೀತು. ದಶಕಗಟ್ಟಲೆ ಜನ ಟೆಸ್ಸಾರ್‌ನೇ ಬಳಸಿದ್ರು, ಪ್ಲೇನಾರ್ ಮೂಲೆಗೆ ಬಿತ್ತು. 1935ರಲ್ಲಿ ಅದೇ ಝೈಸ್‌ನಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿನ ಮೇಲೆ ತೆಳ್ಳಗಿನ ಪದರ ಕೂರಿಸಿ ಪ್ರತಿಫಲನ ಕಮ್ಮಿ ಮಾಡೋ ವಿಧಾನಕ್ಕೆ ಪೇಟೆಂಟ್ ತಗೊಂಡ ಮೇಲೆ ಕಥೆ ಬದಲಾಯ್ತು, ಯುದ್ಧದ ಟೈಮಲ್ಲಿ ಅದನ್ನ ಮಿಲಿಟರಿ ಗುಟ್ಟು ಅಂತ ಮುಚ್ಚಿಟ್ಟಿದ್ರು ಕೂಡ. ಕೋಟಿಂಗ್ ಬಂದ ಮೇಲೆ ಹಳೇ ಪ್ಲೇನಾರ್ ಡಿಸೈನ್‌ಗೆ ಮತ್ತೆ ಜೀವ ಬಂತು, ನಮ್ಮ ಕೈಲಿರೋ ಎಷ್ಟೋ 50 ಎಂಎಂ ಲೆನ್ಸ್‌ಗಳು ಅದರ ಮೊಮ್ಮಕ್ಕಳೇ.

ಆ ಪದರದ ದಪ್ಪ ಎಷ್ಟು ಗೊತ್ತಾ, ಮೆಗ್ನೀಶಿಯಂ ಫ್ಲೋರೈಡ್ ಆದ್ರೆ ಸುಮಾರು 100 ನ್ಯಾನೋಮೀಟರ್. ಅಷ್ಟು ತೆಳು ಪದರದ ಮೇಲಿಂದ ಒಂದು ಅಲೆ, ಕೆಳಗಿಂದ ಒಂದು ಅಲೆ ವಾಪಸ್ ಬಂದು ಒಂದನ್ನೊಂದು ಹೊಡೆದು ಹಾಕತ್ತೆ. ಒಂದೇ ಪದರ ಇದ್ರೆ ಪ್ರತಿಫಲನ ಒಂದೂವರೆ ಪರ್ಸೆಂಟ್ ಆಸುಪಾಸು, ಈಗಿನ ಮಲ್ಟಿ ಕೋಟಿಂಗ್‌ನಲ್ಲಿ ಅರ್ಧ ಪರ್ಸೆಂಟ್‌ಗಿಂತಾನೂ ಕಮ್ಮಿ ಆಗತ್ತೆ. ಘೋಸ್ಟ್‌ಗೆ ಎರಡು ಪುಟಿತ ಬೇಕಲ್ಲ, ಹಾಗಾಗಿ ಲಾಭ ಗುಣಿಸಿಕೊಂಡು ಬರತ್ತೆ. 4% ಇದ್ದಿದ್ದು ಅರ್ಧ ಪರ್ಸೆಂಟ್ ಆದ್ರೆ ಪ್ರತಿಫಲನ 8 ಪಟ್ಟು ಕಮ್ಮಿ, ಘೋಸ್ಟ್ ಮಾತ್ರ 64 ಪಟ್ಟು ಕಮ್ಮಿ. ಇಷ್ಟಾದ್ರೂ ಘೋಸ್ಟ್ ಯಾಕೆ ಕಾಣತ್ತೆ ಅಂದ್ರೆ ಸೂರ್ಯ ಅನ್ನೋದು ಸುತ್ತಲಿನ ಎಲ್ಲದಕ್ಕಿಂತ ಲಕ್ಷಾಂತರ ಪಟ್ಟು ಪ್ರಕಾಶ, ಅದರಲ್ಲಿ ಚೂರೇ ಚೂರು ಸೋರಿದ್ರೂ ಸಾಕು.

ಘೋಸ್ಟ್‌ಗಳು ಹಸಿರು, ನೇರಳೆ ಇರೋದೂ ಇದಕ್ಕೇ. ಕೋಟಿಂಗ್ ಎಲ್ಲಾ ಬಣ್ಣಕ್ಕೂ ಒಂದೇ ತರ ಕೆಲಸ ಮಾಡಲ್ಲ, ತಪ್ಪಿಸಿಕೊಂಡ ಬಣ್ಣ ಘೋಸ್ಟ್ ಆಗತ್ತೆ.

ಹೆಜ್ಜೆ 1: ನಿಮಗೆ ಬರ್ತಿರೋದು ಯಾವ ಫ್ಲೇರ್ ಅಂತ ಗುರುತು ಹಿಡಿಯಿರಿ

ಎಲ್ಲದಕ್ಕೂ ಒಂದೇ ಮದ್ದು ಇಲ್ಲ, ಅದಕ್ಕೆ ಮೊದಲು ಕಾಯಿಲೆ ಯಾವ್ದು ಅಂತ ನೋಡ್ಬೇಕು.

ಫೋಟೋ ಪೂರ್ತಿ ಹಾಲು ಚೆಲ್ಲಿದ ಹಾಗೆ ಮಸುಕು, ಕಪ್ಪು ಇರೋ ಜಾಗ ಬೂದು, ಬಣ್ಣ ಸಪ್ಪೆ, ಹೀಗಿದ್ರೆ ಅದು ಮಬ್ಬು ಫ್ಲೇರ್, ಇಂಗ್ಲಿಷ್‌ನವರು ವೇಲಿಂಗ್ ಅಂತಾರೆ, ಮುಸುಕು ಹಾಕಿದ ಹಾಗೆ ಅಂತ ಅರ್ಥ. ಇದು ಬಹಳ ಸಲ ಫ್ರೇಮ್ ಒಳಗೆ ಇಲ್ಲದ ದೀಪದಿಂದ ಬರತ್ತೆ, ಅದಕ್ಕೇ ಮೋಸ ಮಾಡೋದು, ಫೋಟೋದಲ್ಲಿ ಸೂರ್ಯ ಕಾಣ್ತಿಲ್ಲ ಅಲ್ವಾ ಹಾಗಾಗಿ ಫ್ಲೇರ್ ಅಂತ ನಮಗೆ ಹೊಳೆಯೋದೇ ಇಲ್ಲ, ಲೆನ್ಸ್ ಡಲ್ ಇದೆ, ಶಾರ್ಪ್ ಇಲ್ಲ ಅಂತ ಬೈಕೋತೀವಿ. ಆಟೋಫೋಕಸ್ ಹಿಂದೆ ಮುಂದೆ ಓಡ್ತಾ ಹಿಡಿಯದೇ ಇದ್ರೆ ಅದಕ್ಕೂ ಇದೇ ಕಾರಣ ಇರಬಹುದು, ಫೋಕಸ್‌ಗೆ ಕಾಂಟ್ರಾಸ್ಟ್ ಬೇಕು.

ಚುಕ್ಕೆ, ಬಳೆ, ಬಹುಭುಜ ಆಕಾರಗಳು ಒಂದು ಗೆರೆ ಎಳೆದ ಹಾಗೆ ಸಾಲಾಗಿದ್ರೆ ಅದು ಘೋಸ್ಟ್. ದೀಪದಿಂದ ಫ್ರೇಮ್‌ನ ಮಧ್ಯದ ಮೂಲಕ ಒಂದು ಗೆರೆ ಎಳೀರಿ, ಎಲ್ಲಾ ಆ ಗೆರೆ ಮೇಲೇ ಕೂತಿರತ್ತೆ.

ಮೂರನೇದು, ಸಣ್ಣ ಅಪರ್ಚರ್‌ನಲ್ಲಿ ಸೂರ್ಯನ ಸುತ್ತ ಕೆಂಪು ಚುಕ್ಕೆಗಳ ಬಲೆ ಹಾಸಿದ ಹಾಗೆ ಕಾಣೋದು. ಇದು ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಇರೋರಿಗೆ ಜಾಸ್ತಿ ಪರಿಚಯ. ಸೆನ್ಸರ್‌ನ ಮೇಲಿನ ಜಾಲರಿ ತರದ ರಚನೆ ಬೆಳಕನ್ನ ಹಿಂದಕ್ಕೆ ಎಸೆದು, ಹತ್ರದಲ್ಲೇ ಇರೋ ಲೆನ್ಸ್‌ನ ಹಿಂದಿನ ಗಾಜು ಅದನ್ನ ಮತ್ತೆ ಸೆನ್ಸರ್‌ಗೇ ಕಳಿಸತ್ತೆ. ಹುಡ್ (ಲೆನ್ಸ್ ಮುಂದೆ ನೆರಳಿಗೆ ಸಿಗಿಸೋ ಕೊಳವೆ) ಹಾಕಿದ್ರೂ ಹೋಗಲ್ಲ, ಅಪರ್ಚರ್ ತೆರೆದ್ರೆ ಹೋಗತ್ತೆ.

ಇನ್ನು ದೀಪದಿಂದ ಉದ್ದಕ್ಕೆ ಗೆರೆ ಎಳೆದ ಹಾಗೆ ಬಂದ್ರೆ, ಅದರಲ್ಲೂ ಫೋನಲ್ಲಿ, ಗಾಜಿನ ಮೇಲೆ ಬೆರಳಿನ ಜಿಡ್ಡು ಅಂತ ಕಣ್ಣು ಮುಚ್ಕೊಂಡು ಹೇಳಬಹುದು. ಸೂರ್ಯನ ಸುತ್ತ ನಕ್ಷತ್ರದ ಕಿರಣ ಬರೋದು ಮಾತ್ರ ಬೇರೆ ವಿಷಯ. ಅದು ಬೆಳಕು ಬ್ಲೇಡ್ ಅಂಚಲ್ಲಿ ಬಾಗೋದರಿಂದ ಬರೋದು, 8 ಬ್ಲೇಡ್ ಇದ್ರೆ 8 ಕಿರಣ, 7 ಇದ್ರೆ 14.

ಹೆಜ್ಜೆ 2: ಲೆನ್ಸ್‌ನ ಮುಖ ನೋಡಿ, ಸ್ಕ್ರೀನ್ ಅಲ್ಲ

ಇಡೀ ಬರಹದಲ್ಲಿ ಒಂದೇ ಒಂದು ಹೆಜ್ಜೆ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಕ್ಯಾಮೆರಾ ಟ್ರೈಪಾಡ್ ಮೇಲೆ ಇಡಿ, ಅಥವಾ ಇದ್ದ ಜಾಗದಲ್ಲೇ ಹಿಡ್ಕೊಂಡು ಪಕ್ಕಕ್ಕೆ ಬಗ್ಗಿ, ಮುಂದಿನಿಂದ ಲೆನ್ಸ್‌ನ ಗಾಜನ್ನ ನೋಡಿ. ಗಾಜಿನ ಮೇಲೆ ನೇರ ಬಿಸಿಲು ಬಿದ್ದಿದೆಯಾ? ಬಿದ್ದಿದ್ರೆ ಫ್ಲೇರ್ ಬರೋ ಸಾಧ್ಯತೆ ಇದೆ. ಗಾಜು ಪೂರ್ತಿ ನೆರಳಲ್ಲಿದ್ರೆ ಆ ದೀಪದಿಂದ ಫ್ಲೇರ್ ಬರೋಕೆ ದಾರೀನೇ ಇಲ್ಲ.

ಇನ್ನೊಂದು ರೀತಿ ಅಂದ್ರೆ ವ್ಯೂಫೈಂಡರ್ ಅಥವಾ ಸ್ಕ್ರೀನ್ ನೋಡ್ತಾ ಎಡಗೈ ಚಾಚಿ ಸೂರ್ಯನಿಗೂ ಲೆನ್ಸ್‌ಗೂ ಮಧ್ಯೆ ಅಡ್ಡ ತರೋದು. ಕೈ ಸರಿಯಾದ ಜಾಗಕ್ಕೆ ಬಂದ ಕ್ಷಣ ಚಿತ್ರದ ಕಪ್ಪು ಟಪ್ ಅಂತ ಗಾಢ ಆಗತ್ತೆ, ಯಾರೋ ಕಿಟಕಿ ಗಾಜು ಒರೆಸಿದ ಹಾಗೆ. ಏನೂ ಬದಲಾಗ್ಲಿಲ್ಲ ಅಂದ್ರೆ ಫ್ಲೇರ್ ಇಲ್ಲ, ನೀವು ನೋಡ್ತಿರೋದು ಬರೀ ಮಂಜೋ ಧೂಳೋ ಇರಬಹುದು. ಆ ಮಂಜನ್ನ ಹುಡ್ ಹಾಕಿ ತೆಗೆಯೋಕೆ ಆಗಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳ್ಬಿಡ್ತೀನಿ. ಕನ್ನಡಿ ಇರೋ ಹಳೇ ತರದ ಡಿಎಸ್ಎಲ್ಆರ್‌ನಲ್ಲಿ ಸೂರ್ಯನ ಕಡೆ ಲೆನ್ಸ್ ತಿರುಗಿಸಿ ವ್ಯೂಫೈಂಡರ್‌ನಲ್ಲಿ ಕಣ್ಣಿಡಬೇಡಿ, ದೂರದ್ದನ್ನ ಹತ್ರ ತೋರಿಸೋ ಟೆಲಿ ಲೆನ್ಸ್‌ನಲ್ಲಂತೂ ಬೇಡ್ವೇ ಬೇಡ. ಭೂತಗನ್ನಡಿಯಲ್ಲಿ ಕಾಗದ ಸುಡ್ತೀವಲ್ಲ, ಅದೇ ಕೆಲಸ ಕಣ್ಣಿನ ಒಳಗೆ ಆಗತ್ತೆ. ಲೈವ್ ವ್ಯೂ ಹಾಕ್ಕೊಂಡು ಸ್ಕ್ರೀನಲ್ಲೇ ನೋಡಿ, ಅದೂ ತುಂಬಾ ಹೊತ್ತು ಸೂರ್ಯನಿಗೆ ನೆಟ್ಟಿಡಬೇಡಿ, ಸೆನ್ಸರ್‌ಗೂ ಒಳ್ಳೇದಲ್ಲ.

ಹೆಜ್ಜೆ 3: ಗಾಜು ಒರೆಸಿ, ಬೇಡದ ಗಾಜು ಬಿಚ್ಚಿ

ಲೆನ್ಸ್ ಮೇಲಿರೋ ಒಂದೊಂದು ಧೂಳಿನ ಕಣ, ಬೆರಳಚ್ಚು, ಒಣಗಿದ ನೀರಿನ ಹನಿ ಬೆಳಕನ್ನ ಎಲ್ಲಾ ದಿಕ್ಕಿಗೂ ಚೆಲ್ಲತ್ತೆ. ಸಾಧಾರಣ ಬೆಳಕಲ್ಲಿ ಇದು ಗೊತ್ತೇ ಆಗಲ್ಲ, ಸೂರ್ಯ ಎದುರಿಗೆ ಬಂದಾಗ ಮಾತ್ರ ಬಣ್ಣ ಬಯಲಾಗತ್ತೆ. ಮೊದಲು ಬ್ಲೋವರ್‌ನಿಂದ ಧೂಳು ಊದಿ, ಆಮೇಲೆ ಮೃದು ಬ್ರಷ್, ಕೊನೆಗೆ ಮೈಕ್ರೋಫೈಬರ್ ಬಟ್ಟೆಗೆ ಎರಡು ಹನಿ ಲೆನ್ಸ್ ಕ್ಲೀನರ್ ಹಾಕಿ ಮಧ್ಯದಿಂದ ಹೊರಗೆ ಸುತ್ತುತ್ತಾ ಒರೆಸಿ. ಲಿಕ್ವಿಡ್ ನೇರ ಗಾಜಿನ ಮೇಲೆ ಹಾಕಿದ್ರೆ ಅಂಚಿಂದ ಒಳಗೆ ಇಳಿಯತ್ತೆ. ಧೂಳು ಊದದೆ ಅಂಗಿ ತುದಿಯಲ್ಲಿ ಉಜ್ಜೋದು ನಾವೆಲ್ಲ ಮಾಡಿರೋ ಪಾಪ, ಆ ಧೂಳಲ್ಲಿ ಮರಳಿನ ಕಣ ಇದ್ರೆ ಕೋಟಿಂಗ್ ಮೇಲೆ ಗೀರು ಬೀಳತ್ತೆ, ಆಮೇಲೆ ಆ ಗೀರೇ ಫ್ಲೇರ್‌ನ ಮನೆ.

ಸೆಕೆಂಡ್ ಹ್ಯಾಂಡ್ ಲೆನ್ಸ್ ಆಗಿದ್ರೆ ಕತ್ತಲೆ ಕೋಣೆಯಲ್ಲಿ ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆ ತರ ಎಳೆ ಕಂಡ್ರೆ ಫಂಗಸ್, ಮಂಜಿನ ಹಾಗೆ ಕಂಡ್ರೆ ಒಳಗೆ ಹೇಸ್ ಕೂತಿದೆ. ಅಂಥ ಲೆನ್ಸ್‌ಗೆ ನೀವು ಎಷ್ಟೇ ನೆರಳು ಹಿಡಿದ್ರೂ ಮಬ್ಬು ಹೋಗಲ್ಲ.

ಈಗ ಫಿಲ್ಟರ್ ವಿಷಯ. ಲೆನ್ಸ್ ಒಳಗಿನ ಗಾಜುಗಳು ಹೆಚ್ಚಿನವು ಉಬ್ಬೋ ತಗ್ಗೋ ಇರತ್ತೆ, ಹಾಗಾಗಿ ಪ್ರತಿಫಲನ ಹರಡಿ ಹೋಗತ್ತೆ. ಫಿಲ್ಟರ್ ಮಾತ್ರ ಚಪ್ಪಟೆ. ಸೆನ್ಸರ್‌ನಿಂದ ಅಥವಾ ಒಳಗಿನ ಯಾವುದೋ ಗಾಜಿಂದ ಪುಟಿದು ಬಂದ ಬೆಳಕನ್ನ ಅದು ಕನ್ನಡಿ ತರ ಅಷ್ಟೇ ಸ್ಪಷ್ಟವಾಗಿ ವಾಪಸ್ ಕಳಿಸತ್ತೆ, ಅದಕ್ಕೇ ನನ್ನ ರಾತ್ರಿ ಫೋಟೋಗಳಲ್ಲಿ ದೀಪಗಳ ತಲೆಕೆಳಗಾದ ನಕಲು ಅಷ್ಟು ಶಾರ್ಪ್ ಆಗಿ ಬಂದಿದ್ದು. ಹಗಲು ಹೊತ್ತಲ್ಲಿ, ಧೂಳಲ್ಲಿ, ಸಮುದ್ರದ ಹತ್ರ ಫಿಲ್ಟರ್ ಇರ್ಲಿ ಅನ್ನೋರ ಜೊತೆ ನಾನು ಜಗಳ ಆಡಲ್ಲ. ಆದ್ರೆ ರಾತ್ರಿ ಬೀದಿ ದೀಪ, ಸೂರ್ಯಾಸ್ತ, ಸ್ಟೇಜ್ ಲೈಟ್, ಮೇಣದ ಬತ್ತಿ, ಇಷ್ಟರಲ್ಲಿ ಯಾವ್ದೇ ಇದ್ರೂ ಬಿಚ್ಚಿ ಜೇಬಿಗೆ ಹಾಕ್ಕೊಳ್ಳಿ. ಪೋಲರೈಸರ್ ಹಾಕಿದ್ರೆ ಫ್ಲೇರ್ ಹೋಗತ್ತೆ ಅಂತ ಕೆಲವರು ಹೇಳ್ತಾರೆ. ನೀರು, ಎಲೆ, ಕಿಟಕಿ ಮೇಲಿನ ಹೊಳಪು ಅದರಿಂದ ಕಮ್ಮಿ ಆಗತ್ತೆ ನಿಜ, ಲೆನ್ಸ್ ಒಳಗಿನ ಫ್ಲೇರ್‌ಗೆ ಅದೂ ಇನ್ನೊಂದು ಗಾಜು ಅಷ್ಟೇ. ಎರಡು ಮೂರು ಫಿಲ್ಟರ್ ಒಂದರ ಮೇಲೊಂದು ಹಾಕೋರಿಗೆ ಏನ್ ಹೇಳ್ಲಿ. ಚೌಕದ ಫಿಲ್ಟರ್ ಹೋಲ್ಡರ್ ಬಳಸೋರು ಫಿಲ್ಟರ್‌ನ ಹಿಂದಿನ ಕಡೆಯಿಂದ ಬೆಳಕು ನುಗ್ಗತ್ತಾ ಅಂತ ನೋಡ್ಕೊಳ್ಳಿ, ಹೋಲ್ಡರ್ ಸುತ್ತ ಕಪ್ಪು ಬಟ್ಟೆ ಸುತ್ತಿದ್ರೆ ಸಾಕು.

ಹೆಜ್ಜೆ 4: ಹುಡ್ ಸರಿಯಾಗಿ ಹಾಕಿ

ಎಷ್ಟೋ ಜನ ಹುಡ್ಡನ್ನ ಉಲ್ಟಾ ಸಿಗಿಸಿಕೊಂಡೇ ಇಡೀ ದಿನ ಶೂಟ್ ಮಾಡ್ತಾರೆ. ಛತ್ರಿ ಮಡಚಿ ಕಂಕುಳಲ್ಲಿ ಇಟ್ಕೊಂಡು ಮಳೆಯಲ್ಲಿ ನೆನೆಯೋ ಹಾಗೆ ಅದು. ಉಲ್ಟಾ ಹಾಕೋದು ಬ್ಯಾಗಲ್ಲಿ ಜಾಗ ಉಳಿಸೋಕೆ, ಫೋಟೋ ತೆಗೆಯುವಾಗ ತಿರುಗಿಸಿ ಮುಂದಕ್ಕೆ ಹಾಕ್ಬೇಕು.

ಹೂವಿನ ದಳದ ಆಕಾರದ ಹುಡ್‌ನಲ್ಲಿ ಉದ್ದ ದಳ ಮೇಲೆ ಕೆಳಗೆ, ಗಿಡ್ಡ ದಳ ಎಡ ಬಲಕ್ಕೆ ಬರ್ಬೇಕು. ಫ್ರೇಮ್ ಅಗಲ ಜಾಸ್ತಿ, ಎತ್ತರ ಕಮ್ಮಿ, ಅದಕ್ಕೆ ತಕ್ಕ ಹಾಗೆ ಕತ್ತರಿಸಿರೋದು. ಅಡ್ಡಾದಿಡ್ಡಿ ಹಾಕಿದ್ರೆ ವೈಡ್ ಆಂಗಲ್‌ನಲ್ಲಿ ಮೂಲೆಗಳು ಕಪ್ಪಾಗತ್ತೆ. ಟಕ್ ಅಂತ ಲಾಕ್ ಆಗೋ ತನಕ ತಿರುಗಿಸಿ.

ಹುಡ್‌ನ ಮಿತಿಯೂ ಗೊತ್ತಿರಲಿ. ಜೂಮ್ ಲೆನ್ಸ್‌ನ ಹುಡ್ ಅದರ ಅತಿ ಅಗಲದ ಕೋನಕ್ಕೆ ಅಡ್ಡ ಬರದ ಹಾಗೆ ಮಾಡಿರೋದು, ಹಾಗಾಗಿ 24-70 ಎಂಎಂ ಲೆನ್ಸ್‌ನಲ್ಲಿ (24ರಲ್ಲಿ ನೋಟ ಅಗಲ, 70ರಲ್ಲಿ ಕಿರಿದು) 24ಕ್ಕೆ ಸರಿಯಾದ ಹುಡ್ 70ರಲ್ಲಿ ತುಂಬಾ ಗಿಡ್ಡ ಆಗತ್ತೆ, ಪಕ್ಕದಿಂದ ಬಿಸಿಲು ಆರಾಮಾಗಿ ಒಳಗೆ ಬರತ್ತೆ. ಫುಲ್ ಫ್ರೇಮ್ ಲೆನ್ಸನ್ನ ಸಣ್ಣ ಸೆನ್ಸರ್ ಬಾಡಿಗೆ ಹಾಕಿದ್ರೂ ಇದೇ ಕಥೆ. ವೈಡ್ ಲೆನ್ಸ್‌ಗಳ ಹುಡ್ ಅಂತೂ ಇದ್ದೂ ಇಲ್ಲದ ಹಾಗೆ, ಗಾಜಿಗೆ ಏಟು ಬೀಳದ ಹಾಗೆ ಕಾಯೋಕೆ ಬಳಸಿ ಅಷ್ಟೇ. ಟೆಲಿ ಮತ್ತು 50, 85ರಂಥ, ಜೂಮ್ ಆಗದ ಪ್ರೈಮ್ ಲೆನ್ಸ್‌ಗಳಲ್ಲಿ ಹುಡ್ ನಿಜವಾಗಿ ದುಡಿಯತ್ತೆ. ಸೂರ್ಯ ಫ್ರೇಮ್ ಒಳಗೇ ಇದ್ರೆ ಯಾವ ಹುಡ್ಡೂ ಏನೂ ಮಾಡಲ್ಲ, ಇದನ್ನೂ ಹೇಳ್ಬಿಡ್ಬೇಕು, ಹುಡ್ ತಡೆಯೋದು ಫ್ರೇಮ್ ಹೊರಗಿನ ಬೆಳಕನ್ನ ಮಾತ್ರ.

ಹೆಜ್ಜೆ 5: ಹುಡ್ ಸಾಲದಿದ್ರೆ ಕೈ, ಟೋಪಿ, ಮರ

ಟ್ರೈಪಾಡ್ ಮೇಲಿದ್ರೆ ಇದು ಸುಲಭ. ಎರಡು ಸೆಕೆಂಡ್ ಟೈಮರ್ ಹಾಕಿ, ಲೆನ್ಸ್ ಪಕ್ಕ ನಿಂತು, ಕೈ ಅಥವಾ ಟೋಪಿ ಅಥವಾ ಒಂದು ಕಪ್ಪು ರಟ್ಟು ಹಿಡಿದು ಅದರ ನೆರಳು ಸರಿಯಾಗಿ ಮುಂದಿನ ಗಾಜಿನ ಮೇಲೆ ಬೀಳೋ ಹಾಗೆ ಹೊಂದಿಸಿ. ಅಲ್ಲೇ ನೋಡಿ ಮೊದಲು ಹೇಳಿದ್ದು ಉಪಯೋಗಕ್ಕೆ ಬರೋದು, ಗಾಜು ನೋಡ್ತಿದ್ರೆ ನೆರಳು ಎಲ್ಲಿದೆ ಅಂತ ಗೊತ್ತಾಗತ್ತೆ. ಕೈ ಲೆನ್ಸ್‌ನಿಂದ ದೂರ ಇದ್ದಷ್ಟೂ ಫ್ರೇಮ್ ಒಳಗೆ ಬರದೇ ನೆರಳು ಕೊಡೋದು ಸಲೀಸು, ತೀರಾ ಹತ್ರ ಇಟ್ರೆ ಮೂಲೆಯಲ್ಲಿ ಮಸುಕು ಬೆರಳು ಬಂದಿರತ್ತೆ, ಮನೆಗೆ ಬಂದು ನೋಡಿದಾಗಲೇ ಗೊತ್ತಾಗೋದು. ನನ್ನ ಹತ್ರ ಅಂಥ ಬೆರಳಿನ ಫೋಟೋಗಳ ಒಂದು ಸಂಗ್ರಹವೇ ಇದೆ.

ಕೈಯಲ್ಲಿ ಹಿಡಿದು ಶೂಟ್ ಮಾಡುವಾಗ ಇದಕ್ಕಿಂತ ಒಳ್ಳೇ ಉಪಾಯ ನೀವೇ ನೆರಳಿಗೆ ಹೋಗೋದು. ಹಿಂದಿನಿಂದ ಬಿಸಿಲು ಬೀಳ್ತಿರೋ ಪೋರ್ಟ್ರೇಟ್ ತೆಗೀತಿದ್ದೀರಿ ಅಂದ್ಕೊಳ್ಳಿ, ಎದುರಿಗಿರೋರು ಬಿಸಿಲಲ್ಲೇ ಇರ್ಲಿ, ನೀವು ನಾಲ್ಕು ಹೆಜ್ಜೆ ಹಿಂದೆ ಸರಿದು ಮರದ ನೆರಳಲ್ಲೋ ಗೋಡೆ ನೆರಳಲ್ಲೋ ನಿಲ್ಲಿ. ಕೂದಲಿನ ಅಂಚಿನ ಬೆಳಕು ಹಾಗೇ ಇರತ್ತೆ, ಮಬ್ಬು ಮಾತ್ರ ಮಾಯ. ನೆರಳೇ ಇಲ್ಲದ ಬಯಲಾದ್ರೆ ಅವರ ತಲೆಯ ಹಿಂದೆ ಸೂರ್ಯ ಅಡಗೋ ಹಾಗೆ ಒಂದು ಗೇಣು ಪಕ್ಕಕ್ಕೋ ಕೆಳಕ್ಕೋ ಸರೀರಿ, ಅವರ ತಲೆಯ ನೆರಳೇ ನಿಮ್ಮ ಲೆನ್ಸ್ ಮೇಲೆ ಬೀಳತ್ತೆ.

ಹೆಜ್ಜೆ 6: ಸೂರ್ಯ ಫ್ರೇಮ್ ಒಳಗೇ ಬೇಕು ಅಂದಾಗ

ಇಲ್ಲಿ ಪೂರ್ತಿ ಗೆಲ್ಲೋಕಾಗಲ್ಲ, ರಾಜಿ ಮಾಡ್ಕೋಬೇಕು. ಮೊದಲನೇದು ಮರೆ ಮಾಡೋದು. ಕೊಂಬೆ, ಬಂಡೆ ಅಂಚು, ಕಟ್ಟಡದ ಮೂಲೆ, ಯಾವುದರ ಹಿಂದಾದ್ರೂ ಸೂರ್ಯ ಮುಕ್ಕಾಲು ಮರೆಯಾದ್ರೆ ಬೆಳಕು ಅಷ್ಟೂ ಕಮ್ಮಿ, ನಕ್ಷತ್ರದ ಕಿರಣವೂ ಇನ್ನೂ ಚೆಂದ ಬರತ್ತೆ.

ಎರಡನೇದು ಘೋಸ್ಟ್ ಎಲ್ಲಿ ಬೀಳತ್ತೆ ಅಂತ ನಾವೇ ತೀರ್ಮಾನ ಮಾಡೋದು. ಘೋಸ್ಟ್‌ಗಳ ಸಾಲು ಮಧ್ಯದ ಮೂಲಕ ಹೋಗತ್ತೆ ಅಂದೆನಲ್ಲ, ಸೂರ್ಯ ಎಡಗಡೆ ಮೇಲಿನ ಮೂಲೆಯಲ್ಲಿದ್ರೆ ಸಾಲು ಬಲಗಡೆ ಕೆಳಗಿನ ಮೂಲೆ ಕಡೆ ಹೋಗತ್ತೆ. ಅಲ್ಲಿ ಮುಖ ಇದ್ರೆ ಕೆಟ್ಟಿತು, ಹುಲ್ಲೋ ಕಲ್ಲೋ ಇದ್ರೆ ಯಾರಿಗೂ ಗೊತ್ತಾಗಲ್ಲ, ಆಮೇಲೆ ಅಳಿಸೋದೂ ಸುಲಭ. ಸೂರ್ಯನನ್ನ ನಡುಮಧ್ಯಕ್ಕೆ ತಂದ್ರೆ ಘೋಸ್ಟ್‌ಗಳೆಲ್ಲ ಒಂದರ ಮೇಲೊಂದು ಸೂರ್ಯನ ಮೇಲೇ ಕೂತು ಅಡಗಿಬಿಡತ್ತೆ. ಕಂಪೋಸಿಷನ್ ಪಾಠ ಹೇಳೋರು ಮಧ್ಯದಲ್ಲಿ ಇಡಬೇಡಿ ಅಂತಾರೆ, ಅವರ ಮಾತು ಈ ಒಂದು ಸಲ ಕೇಳ್ಬೇಡಿ.

ಮೂರನೇದು ಅಪರ್ಚರ್. ಪೂರ್ತಿ ತೆರೆದಿದ್ರೆ ಘೋಸ್ಟ್ ದೊಡ್ಡದು, ಮೆತ್ತಗೆ, ಹರಡಿಕೊಂಡಿರತ್ತೆ. ಎಫ್ 16ಕ್ಕೆ (ಎಫ್ ನಂಬರ್ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಮುಚ್ಚಿದ್ರೆ ಸಣ್ಣದು, ಅಂಚು ಚೂಪು, ಎದ್ದು ಕಾಣತ್ತೆ. ಕೆಂಪು ಚುಕ್ಕೆ ಬಲೆ ಬರೋದೂ ಈ ಕೊನೆಯಲ್ಲೇ. ಎಫ್ 5.6, 8, 11, 16 ನಾಲ್ಕರಲ್ಲೂ ಒಂದೊಂದು ತೆಗೆದು ಜೂಮ್ ಮಾಡಿ ನೋಡಿ, ನಿಮ್ಮ ಲೆನ್ಸ್‌ಗೆ ಯಾವ್ದು ಒಗ್ಗತ್ತೆ ಅಂತ ಎರಡು ನಿಮಿಷದಲ್ಲಿ ತಿಳಿಯತ್ತೆ. ಡಿಎಸ್ಎಲ್ಆರ್‌ನಲ್ಲಿ ಫೋಟೋ ತೆಗೆಯೋ ತನಕ ಅಪರ್ಚರ್ ತೆರೆದೇ ಇರತ್ತೆ, ಹಾಗಾಗಿ ನೋಡುವಾಗ ಇಲ್ಲದ ಘೋಸ್ಟ್ ಫೋಟೋದಲ್ಲಿ ಬಂದಿರತ್ತೆ, ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ ಒತ್ತಿ ನೋಡೋ ಅಭ್ಯಾಸ ಮಾಡ್ಕೊಳ್ಳಿ.

ಹೆಜ್ಜೆ 7: ಬೆರಳಿನ ಟ್ರಿಕ್

ಲ್ಯಾಂಡ್‌ಸ್ಕೇಪ್ ತೆಗೆಯೋರಿಗೆ ಇದು ವರ. ಟ್ರೈಪಾಡ್ ಕಡ್ಡಾಯ. ಮ್ಯಾನುಯಲ್ ಮೋಡ್, ಮ್ಯಾನುಯಲ್ ಫೋಕಸ್, ವೈಟ್ ಬ್ಯಾಲೆನ್ಸ್ ಕೂಡ ಆಟೋ ಬೇಡ, ಎರಡು ಫೋಟೋ ಮಧ್ಯೆ ಏನೂ ಬದಲಾಗಬಾರದು. ಮೊದಲನೇ ಫೋಟೋ ಸುಮ್ನೆ ತೆಗೀರಿ, ಫ್ಲೇರ್ ಇದ್ರೆ ಇರ್ಲಿ. ಎರಡನೇದಕ್ಕೆ ಕೈ ಚಾಚಿ ಬೆರಳ ತುದಿಯಿಂದ ಸೂರ್ಯನ ಬಿಂಬ ಮಾತ್ರ ಮುಚ್ಚಿ, ಲೆನ್ಸ್ ಗಾಜಿನ ಮೇಲೆ ಬೆರಳಿನ ನೆರಳು ಪೂರ್ತಿ ಬಿದ್ದಿರ್ಬೇಕು. ಈಗ ಘೋಸ್ಟೂ ಇಲ್ಲ, ಮಬ್ಬೂ ಇಲ್ಲ, ಆದ್ರೆ ಆಕಾಶದಲ್ಲಿ ಒಂದು ಬೆರಳು ಇದೆ.

ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎರಡನ್ನೂ ಲೇಯರ್ ಮಾಡಿ, ಬೆರಳಿರೋದು ಮೇಲೆ, ಸೂರ್ಯ ಇರೋದು ಕೆಳಗೆ. ಮೇಲಿನ ಲೇಯರ್‌ಗೆ ಮಾಸ್ಕ್ ಹಾಕಿ ಬೆರಳು, ಕೈ ಇರೋ ಜಾಗನ ಮೆತ್ತಗಿನ ಬ್ರಷ್‌ನಿಂದ ಅಳಿಸಿದ್ರೆ ಕೆಳಗಿನ ಸೂರ್ಯ ಕಾಣತ್ತೆ, ನೆಲ, ಮರ, ನೀರೆಲ್ಲ ಫ್ಲೇರ್ ಇಲ್ಲದ ಫೋಟೋದ್ದು. ಸೇರೋ ಜಾಗದಲ್ಲಿ ಹೊಳಪು ವ್ಯತ್ಯಾಸ ಬರತ್ತೆ, ಬ್ರಷ್ ದೊಡ್ಡದು ಮಾಡಿ, ಆತುರ ಬೇಡ. ಮೋಡ ಓಡ್ತಿದ್ರೆ, ಅಲೆ ಹೊಡೀತಿದ್ರೆ ಎರಡೂ ಫೋಟೋ ಬೇಗ ಬೇಗ ತೆಗೀರಿ, ಜನ ಓಡಾಡೋ ಜಾಗದಲ್ಲಿ ಇದು ಅಷ್ಟಕ್ಕಷ್ಟೇ.

ಫೋನ್, ರಾತ್ರಿ, ಸ್ಟುಡಿಯೋ

ಫೋನ್‌ನಲ್ಲಿ ಮೊದಲ ಕೆಲಸ ಲೆನ್ಸ್ ಮೇಲಿನ ಗಾಜು ಒರೆಸೋದು, ಜೇಬಿಂದ ತೆಗೆದಾಗ ಒಂದೊಂದು ಸಲಾನೂ. ಆಮೇಲೂ ರಾತ್ರಿ ದೀಪಗಳ ಹಸಿರು ಚುಕ್ಕೆ ಬರತ್ತೆ, ದೀಪ ಎಲ್ಲಿದೆಯೋ ಅದಕ್ಕೆ ಸರಿಯಾಗಿ ಮಧ್ಯದ ಆಚೆ ಬದಿಯಲ್ಲಿ. ಸೆನ್ಸರ್ ಭಾಗಕ್ಕೂ ಲೆನ್ಸ್‌ಗೂ ನಡುವಿನ ಪುಟಿತ ಅದು, ನಾವು ತೆಗೆಯೋಕಾಗಲ್ಲ. ಫೋನನ್ನ ಸ್ವಲ್ಪ ವಾಲಿಸಿ ಆ ಚುಕ್ಕೆನ ಇನ್ಯಾವುದಾದ್ರೂ ಬೆಳಕಿನ ಜಾಗದ ಮೇಲೆ ಕೂರಿಸಿ, ಅಥವಾ ಅತಿ ಪ್ರಕಾಶದ ಆ ಒಂದು ದೀಪ ಫ್ರೇಮ್ ಹೊರಗೆ ಹೋಗೋ ಹಾಗೆ ಮಾಡಿ. ವಿಡಿಯೋದಲ್ಲಿ ಫೋನ್ ಅಲ್ಲಾಡಿದ ಹಾಗೆ ಚುಕ್ಕೆ ಉಲ್ಟಾ ದಿಕ್ಕಿಗೆ ಕುಣಿಯತ್ತೆ, ಅಲ್ಲಿ ಕೈ ಸ್ಥಿರ ಇಟ್ಕೊಳ್ಳೋದೊಂದೇ ದಾರಿ.

ಒಳಾಂಗಣದಲ್ಲಿ ಹಿಂದಿನಿಂದ ಇಟ್ಟ ಫ್ಲಾಶ್ ಅಥವಾ ಎಲ್ಇಡಿ ಲೆನ್ಸ್ ಕಡೆ ಸೋರ್ತಿದ್ರೆ ಲೈಟ್‌ಗೂ ಲೆನ್ಸ್‌ಗೂ ಮಧ್ಯೆ ಕಪ್ಪು ರಟ್ಟು ನಿಲ್ಲಿಸಿ, ಅಥವಾ ಬೆಳಕು ಪಕ್ಕಕ್ಕೆ ಹರಡದ ಹಾಗೆ ತಡೆಯೋ ಗ್ರಿಡ್‌ನ ಲೈಟ್‌ಗೇ ಹಾಕಿ. ಬಿಳಿ ಬ್ಯಾಕ್‌ಗ್ರೌಂಡ್ ಮಾತ್ರ ನಿಧಾನವಾಗಿ ಕಾಡೋ ವಿಷಯ. ಬಿಳಿ ಪೂರ್ತಿ ಬಿಳಿ ಬರ್ಲಿ ಅಂತ ಅದಕ್ಕೆ ಸಿಕ್ಕಾಪಟ್ಟೆ ಲೈಟ್ ಹೊಡೆದ್ರೆ ಆ ಇಡೀ ಗೋಡೆಯೇ ಒಂದು ದೊಡ್ಡ ದೀಪ ಆಗಿ ಮುಖದ ಕಾಂಟ್ರಾಸ್ಟ್ ತಿಂದುಹಾಕತ್ತೆ. ಬಿಳಿಗೆ ಎಷ್ಟು ಬೇಕೋ ಅಷ್ಟೇ ಕೊಡಿ, ಫ್ರೇಮ್ ಹೊರಗಿನ ಬಿಳಿ ಭಾಗನ ಕಪ್ಪು ಬಟ್ಟೆಯಿಂದ ಮುಚ್ಚಿ.

ಹಳೇ ಲೆನ್ಸನ್ನ ಅಡಾಪ್ಟರ್ ಹಾಕಿ ಬಳಸ್ತಿದ್ರೆ ಅಡಾಪ್ಟರ್ ಒಳಗೆ ಒಮ್ಮೆ ಇಣುಕಿ ನೋಡಿ, ಅಗ್ಗದವುಗಳ ಒಳಮೈ ಹೊಳೀತಾ ಇರತ್ತೆ, ಒಳಗೆ ಕಪ್ಪು ವೆಲ್ವೆಟ್ ತರದ ಕಾಗದ ಅಂಟಿಸಿದ್ರೆ ಫೋಟೋ ಎದ್ದು ನಿಲ್ಲತ್ತೆ.

ಹೆಜ್ಜೆ 8: ಎಡಿಟಿಂಗ್‌ನಲ್ಲಿ ಉಳಿಸಿಕೊಳ್ಳೋದು

ಮಬ್ಬು ಫೋಟೋನ ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದ ಮಾಹಿತಿಯನ್ನ ಹಾಗೇ ಇಡೋ ಫೈಲ್) ತೆಗೆದಿದ್ರೆ ಸುಮಾರಾಗಿ ಉಳಿಸಬಹುದು. ಕಪ್ಪನ್ನ ಗಾಢ ಮಾಡೋ ಬ್ಲ್ಯಾಕ್ಸ್ ಸ್ಲೈಡರ್ ಕೆಳಗೆ ಇಳಿಸಿ, ಮಬ್ಬು ತೆಗೆಯೋ ಡೀಹೇಸ್ ಚೂರು ಹಾಕಿ, ಅದನ್ನೂ ಇಡೀ ಫೋಟೋಗೆ ಹಾಕೋ ಬದಲು ಮಬ್ಬು ಇರೋ ಜಾಗಕ್ಕೆ ಮಾತ್ರ ಗ್ರೇಡಿಯಂಟ್ ಮಾಸ್ಕ್‌ನಿಂದ ಹಾಕಿ. ಡೀಹೇಸ್ ಜಾಸ್ತಿ ಆದ್ರೆ ಆಕಾಶ ಮಸಿ ಬಳಿದ ಹಾಗೆ, ಚರ್ಮ ಒರಟು. ನೆರಳಿನ ಭಾಗದಲ್ಲಿ ಮಬ್ಬಿನ ಕೆಳಗೆ ಮುಳುಗಿ ಹೋದ ಸಣ್ಣ ಸಣ್ಣ ವಿವರ ಮಾತ್ರ ಯಾವ ಸ್ಲೈಡರ್‌ನಿಂದಾನೂ ಪೂರ್ತಿ ವಾಪಸ್ ಬರಲ್ಲ, ಎಳೆದಷ್ಟೂ ನಾಯ್ಸ್ ಬರತ್ತೆ.

ಘೋಸ್ಟ್ ಸಣ್ಣದಾಗಿದ್ರೆ ಹೀಲ್ ಬ್ರಷ್ ಸಾಕು. ದೊಡ್ಡ ಬಣ್ಣದ ಕಲೆ ಆದ್ರೆ ಅಳಿಸೋ ಮೊದಲು ಆ ಜಾಗದ ಬಣ್ಣ ಮಾತ್ರ ಇಳಿಸಿ ನೋಡಿ, ಹಸಿರು ಹೋದ್ರೆ ಉಳಿದ ತೆಳು ಹೊಳಪು ಹೆಚ್ಚಿನ ಸಲ ಕಣ್ಣಿಗೆ ಚುಚ್ಚಲ್ಲ. ಮುಖದ ಮೇಲೆ ಬಿದ್ದ ಘೋಸ್ಟ್‌ಗೆ ಮಾತ್ರ ನನ್ನ ಹತ್ರ ಒಳ್ಳೇ ಉಪಾಯ ಇಲ್ಲ, ಗಂಟೆಗಟ್ಟಲೆ ಕೂತು ಸರಿ ಮಾಡಿದ್ರೂ ಎಲ್ಲೋ ಪ್ಲಾಸ್ಟಿಕ್ ಅನ್ನಿಸತ್ತೆ. ಸ್ಥಳದಲ್ಲೇ ಇನ್ನೊಂದು ತೆಗೆದುಬಿಡಿ.

ಬೇಕು ಅಂತಲೇ ಫ್ಲೇರ್ ತರಿಸೋದು

ಎಲ್ಲಾ ಫ್ಲೇರ್ ಕೆಟ್ಟದಲ್ಲ, ಸಂಜೆ ಬಿಸಿಲಿನ ಆ ಮೆತ್ತಗಿನ ಮಬ್ಬು ಇಲ್ಲದಿದ್ರೆ ಎಷ್ಟೋ ಫೋಟೋ ಸಪ್ಪೆ. ತರಿಸೋದು ಹೇಗೆ ಅಂದ್ರೆ ಮೇಲೆ ಹೇಳಿದ್ದನ್ನೆಲ್ಲ ತಿರುಗುಮುರುಗು ಮಾಡಿ. ಹುಡ್ ತೆಗೀರಿ, ಅಪರ್ಚರ್ ತೆರೀರಿ, ಸೂರ್ಯನನ್ನ ಫ್ರೇಮ್ ಅಂಚಿನ ಆಚೆ ಒಂಚೂರು ಇಡಿ, ಒಂದೇ ಪದರದ ಕೋಟಿಂಗ್ ಇರೋ ಹಳೇ ಲೆನ್ಸ್ ಇದ್ರೆ ಅದನ್ನ ಹಾಕಿ. ಕೋಟಿಂಗ್ ಹೇಗಿದೆ ಅಂತ ತಿಳಿಯೋಕೆ ಮುಂದಿನ ಗಾಜಲ್ಲಿ ದೀಪದ ಪ್ರತಿಬಿಂಬ ನೋಡಿ, ಬೆಳ್ಳಗೆ ಜೋರಾಗಿ ಕಂಡ್ರೆ ಕೋಟಿಂಗ್ ಇಲ್ಲ, ಮಂದವಾಗಿ ಹಸಿರು ನೇರಳೆ ಕಂಡ್ರೆ ಒಳ್ಳೇ ಮಲ್ಟಿ ಕೋಟಿಂಗ್.

ಒಂದು ಸಂಜೆ ಅರ್ಧ ಗಂಟೆ ಇದಕ್ಕೇ ಅಂತ ಇಡಿ. ಒಂದೇ ಲೆನ್ಸ್, ಟ್ರೈಪಾಡ್, ಸೂರ್ಯ ಇಳೀತಾ ಇರ್ಲಿ. ಸೂರ್ಯ ಮಧ್ಯದಲ್ಲಿ ಇರುವಾಗ ಒಂದು, ಮೂರನೇ ಒಂದು ಭಾಗದಲ್ಲಿ ಒಂದು, ಮೂಲೆಯಲ್ಲಿ ಒಂದು, ಫ್ರೇಮ್‌ನಿಂದ ಆಗಷ್ಟೇ ಹೊರಗೆ ಹೋದಾಗ ಒಂದು, ಇನ್ನೂ ಪಕ್ಕಕ್ಕೆ ಹೋದಾಗ ಒಂದು, ಇಷ್ಟನ್ನೂ ಎರಡು ಅಪರ್ಚರ್‌ನಲ್ಲಿ, ಹುಡ್ ಹಾಕಿ, ಹುಡ್ ತೆಗೆದು. 20 ಫೋಟೋ ಆಗತ್ತೆ. ಕೆಲವು ಲೆನ್ಸ್‌ಗಳು ಸೂರ್ಯ ಒಳಗಿದ್ದಾಗ ಚೆನ್ನಾಗಿದ್ದು, ಆಗಷ್ಟೇ ಹೊರಗೆ ಹೋದಾಗ ಫ್ರೇಮ್ ಅಡ್ಡಕ್ಕೆ ದೊಡ್ಡ ಬಿಲ್ಲಿನಾಕಾರದ ಹೊಳಪು ಎಸೆಯತ್ತೆ, ನನ್ನ ವೈಡ್ ಲೆನ್ಸ್ ಹಾಗೇ ಇದೆ, ಈಗ ಅದನ್ನ ಹಾಕಿದಾಗೆಲ್ಲ ಎಡಗೈ ತಾನಾಗೇ ಮೇಲಕ್ಕೆ ಹೋಗತ್ತೆ.